ಎಳೆಯ ಮಕ್ಕಳೂ ಟೀವಿಯೂ

ಐದು ವರ್ಷ ತುಂಬದ ಮಕ್ಕಳಿಗೆ ಟೀವಿಯನ್ನು ತೋರಿಸಬಹುದೆ, ತೋರಿಸಿದರೆ ಎಂತಹುದನ್ನು ತೋರಿಸಬೇಕು ಎಂಬ ವಿಷಯದಲ್ಲಿ ನಮ್ಮ ಸಂಸಾರಸ್ಥರ ಮನೆಗಳಲ್ಲಿ ಎರಡು ಪಕ್ಷಗಳು ಏರ್ಪಟ್ಟಿವೆ. ಆ ಪೆಟ್ಟಿಗೆಯೇ ಸರ್ವ ಅನರ್ಥಗಳಿಗೂ ಮೂಲವೆನ್ನುವವರು ಒಂದು ಕಡೆ. ಅದಿಲ್ಲದಿದ್ದರೆ ಮಗುವಿನ ಬಾಯೊಳಗೆ ಒಂದು ತುತ್ತೂ ಇಳಿಯಲಾರದೆನ್ನುವವರು ಇನ್ನೊಂದು ಕಡೆ. ಈ ವಾದದಲ್ಲಿ ತಾತಂದಿರ ಮತ್ತು ಅಜ್ಜಿಯರ ಅಭಿಪ್ರಾಯವನ್ನು ಕೇಳುವವರು ವಿರಳ. ಆದರೆ ಮಗನೂ ಸೊಸೆಯೂ ಕೆಲಸಕ್ಕೆ ಹೊರಟುಹೋದ ಮೇಲೆ ಸಂಜೆಯ ತನಕ ಮಗುವಿನೊಡನೆ ಕುಳಿತು ಆ ಕಾರ್ಯಕ್ರಮಗಳನ್ನು ನಿಜವಾಗಿ ನೋಡುತ್ತಿರುವವರು ನಾವೇ. ಹೆತ್ತವರು ಕಾರ್ಯಕ್ರಮದ ಹೆಸರನ್ನು ಬಲ್ಲರು. ನಾವು ಅದರ ಹುಳುಕನ್ನೂ ಬಲ್ಲೆವು. ಆದಕಾರಣ ಈ ತಿಂಗಳ ಪುಟವನ್ನು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನವರ ಪರವಾಗಿ ಬರೆಯುತ್ತಿದ್ದೇವೆ.

ಮೊದಲು ಊಟದ ಮಾತು. ಚಂದ್ರನನ್ನು ತೋರಿಸಿ ಅನ್ನ ತಿನ್ನಿಸುವುದು ಹಳೆಯ ಪದ್ಧತಿ, ಈಗ ಚಂದ್ರನ ಸ್ಥಾನದಲ್ಲಿ ಟೀವಿ ಬಂದಿದೆ, ವ್ಯತ್ಯಾಸವೇನು ಎಂದು ಕೆಲವರು ತಾಯಂದಿರು ಕೇಳುವರು. ವ್ಯತ್ಯಾಸವುಂಟು. ಚಂದ್ರನು ಮಾತನಾಡುವುದಿಲ್ಲ, ಅವನ ಪರವಾಗಿ ಅಜ್ಜಿಯೇ ಮಾತನಾಡಬೇಕಾಗಿತ್ತು. ಚಂದಮಾಮ ತೆಂಗಿನ ಗರಿಯ ಹಿಂದೆ ಅವಿತುಕೊಂಡನೆಂದು ಅವಳು ಹೇಳಿದರೆ ಮಗುವು ಕತ್ತೆತ್ತಿ ಹುಡುಕುತ್ತಿತ್ತು, ಪ್ರಶ್ನೆ ಕೇಳುತ್ತಿತ್ತು, ಹೊಟ್ಟೆ ತುಂಬಿದಾಗ ಮುಖ ತಿರುಗಿಸುತ್ತಿತ್ತು. ಟೀವಿಯ ಮುಂದಿನ ಮಗುವಾದರೋ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಒಳಗೆ ಹೋದುದು ಹುಳಿಯನ್ನವೋ ಮೊಸರನ್ನವೋ ಅದಕ್ಕೆ ತಿಳಿಯದು. ತಟ್ಟೆ ಖಾಲಿಯಾದುದೊಂದೇ ಲಾಭ.

ಇನ್ನು ಕಾರ್ಯಕ್ರಮಗಳ ಗುಣದೋಷ. ಹೈದರಾಬಾದಿನಲ್ಲಿ ತಯಾರಾಗಿ 2008ರಿಂದ ಪ್ರಸಾರವಾಗುತ್ತ ಬಂದ ‘ಛೋಟಾ ಭೀಮ್’ ಎಂಬ ಕಾರ್ಟೂನನ್ನು ಅರಿಯದ ಮಗು ವಿರಳ. ಅದನ್ನು ಕಂಡರೆ ಮುಖ ಸಿಂಡರಿಸುವವರ ಗುಂಪಿಗೆ ನಾವು ಸೇರಿದವರಲ್ಲ. ಹುಡುಗನು ಕಚ್ಚೆಯುಟ್ಟವನು, ಹಳ್ಳಿಯವನು, ಗೆಳೆಯರಿಗೆ ನೆರವಾಗುವವನು. ಲಾಡು ತಿಂದರೆ ಬಲ ಬರುವುದೆಂಬ ಅವನ ಸಿದ್ಧಾಂತಕ್ಕೆ ಯಾವ ಅಜ್ಜಿಯ ಆಕ್ಷೇಪಣೆಯೂ ಇರಲಾರದು. ಹಲ್ಲಿನ ವೈದ್ಯರಿಗೆ ಇದ್ದರೆ ಇರಲಿ. ನಮಗೆ ಒಪ್ಪಿಗೆಯಾಗದಿರುವುದು ಇಷ್ಟೆ: ಜಗಳವೆಲ್ಲ ಗುದ್ದಿನಿಂದಲೇ ತೀರುತ್ತದೆ, ಮತ್ತು ಎಲ್ಲವೂ ಬಹು ಬೇಗ ತೀರುತ್ತದೆ.

ಈ ವೇಗದ ವಿಷಯವಾಗಿ 2011ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆ ನಡೆಯಿತು. ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಅತಿವೇಗದ ಕಾರ್ಟೂನನ್ನೂ, ಇನ್ನೊಂದಕ್ಕೆ ನಿಧಾನವಾದ ಬೋಧಪ್ರದ ಚಿತ್ರವನ್ನೂ ತೋರಿಸಿ, ಮೂರನೆಯದಕ್ಕೆ ಬರೆಯಲು ಬಣ್ಣವನ್ನು ಕೊಟ್ಟರು. ಕಾಲ 9 ನಿಮಿಷ ಮಾತ್ರ. ಅನಂತರ ತಾಳ್ಮೆಯನ್ನೂ ಗಮನವನ್ನೂ ಅಳೆಯುವ ಸಣ್ಣ ಆಟಗಳಲ್ಲಿ ವೇಗದ ಚಿತ್ರವನ್ನು ಕಂಡವರು ಉಳಿದವರಿಗಿಂತ ಹಿಂದೆ ಬಿದ್ದರು. ಆ ಪರಿಣಾಮವು ಎಷ್ಟು ಹೊತ್ತು ನಿಲ್ಲುವುದೆಂಬುದನ್ನು ಆ ಪರೀಕ್ಷೆ ಅಳೆಯಲಿಲ್ಲ. ಆದರೂ ಕಾರ್ಟೂನು ನಿಲ್ಲಿಸಿದೊಡನೆ ಮಗುವನ್ನು ಸ್ನಾನಕ್ಕೆ ಕರೆದ ತಾತನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಿಸದು.

ಒಳ್ಳೆಯ ಕಾರ್ಯಕ್ರಮವು ಹೇಗಿರಬೇಕು? ಅದು ಕಾಯಬಲ್ಲದಾಗಿರಬೇಕು, ಒಂದನ್ನೇ ಮತ್ತೆ ಮತ್ತೆ ಹೇಳಲು ನಾಚದಂತಿರಬೇಕು. ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಒಂದು ಮಾತೂ ಬದಲಿಸದೆ ಹತ್ತು ರಾತ್ರಿ ಹೇಳಿದ ಅಜ್ಜಿಗೆ ಈ ರಹಸ್ಯವು ತಿಳಿದೇ ಇದೆ. ಗುಬ್ಬಕ್ಕನು ಬಾಗಿಲು ತೆರೆಯುವ ಸ್ಥಳದಲ್ಲಿ ಅವಳು ಬೇಕೆಂದೇ ಸುಮ್ಮನಾದರೆ ಮಗುವು ಮುಂದಿನ ಮಾತನ್ನು ತಾನೇ ಹೇಳುತ್ತದೆ. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ ‘ಬ್ಲೂಸ್ ಕ್ಲೂಸ್’ ಎಂಬ ಮಕ್ಕಳ ಕಾರ್ಯಕ್ರಮದವರು ಇದೇ ಕ್ರಮವನ್ನು ಹಿಡಿದರು. ಒಂದೇ ಕಂತನ್ನು ವಾರದಲ್ಲಿ ಐದು ದಿನ ತೋರಿಸಿದರು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾದರು. ದಿನ ಕಳೆದಂತೆ ಮಕ್ಕಳು ಹೆಚ್ಚು ಹೆಚ್ಚಾಗಿ ಗಟ್ಟಿಯಾಗಿ ಉತ್ತರ ಹೇಳತೊಡಗಿದರೆಂದು ಪರಿಶೀಲಿಸಿದವರು ಬರೆದಿರುವರು. ಆದುದರಿಂದ ಮಗುವು ನೋಡಿದ್ದನ್ನೇ ನೋಡುತ್ತೇನೆಂದು ಹಟ ಹಿಡಿದರೆ ತಾಯಂದಿರು ಬೇಸರಿಸಬೇಕಾಗಿಲ್ಲ. ಹೊಸದರ ಹುಚ್ಚು ದೊಡ್ಡವರದು.

ನಮ್ಮಲ್ಲಿಯೂ ನಿಧಾನವನ್ನು ಬಲ್ಲವರಿದ್ದರು. ಶಂಕರ್ ನಾಗ್ ಅವರು 1986ರಲ್ಲಿ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಸರಣಿಯ ಸ್ವಾಮಿಯ ಕಥೆಗಳು ಸ್ವಲ್ಪ ದೊಡ್ಡ ಮಕ್ಕಳಿಗೆ ತಕ್ಕವು. ಅಲ್ಲಿ ಒಬ್ಬ ಅಜ್ಜಿಯೂ ಇದ್ದಾಳೆ. ಸ್ವಾಮಿಯು ತನ್ನ ಗೆಳೆಯರ ಪ್ರತಾಪವನ್ನೆಲ್ಲ ಅವಳ ಮುಂದೆ ಕೊಚ್ಚಿಕೊಳ್ಳುವನು. ಆ ಸರಣಿಯು ಮೊದಲು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ತಯಾರಾಯಿತೆಂಬುದನ್ನು ನೆನೆದಾಗ ಮಾತ್ರ ನಮಗೆ ಸ್ವಲ್ಪ ವ್ಯಸನವಾಗುತ್ತದೆ.

ಈ ಭಾಷೆಯ ವಿಷಯವೇ ನಮ್ಮ ಮನಸ್ಸಿನಲ್ಲಿ ಬಹುಕಾಲದಿಂದ ಕೊರೆಯುತ್ತಿರುವುದು. ಕರ್ನಾಟಕದ ಹಳ್ಳಿಯ ಮಕ್ಕಳು ಟೀವಿಯನ್ನು ಕಂಡುದು 1975ರ ಆಗಸ್ಟಿನಲ್ಲಿ. ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷ ಕಾಲ ಕಾರ್ಯಕ್ರಮಗಳನ್ನು ಕಳುಹಿಸಿದ ಆ ಪ್ರಯೋಗದಲ್ಲಿ ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರೆಲ್ಲರಿಗೆ. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತರು, ಅದು ಕನ್ನಡವನ್ನಾಡಿತು. ಇಂದು ಕೋಣೆಗೊಂದು ಪೆಟ್ಟಿಗೆಯಿರುವ ಮನೆಗಳಲ್ಲಿ ಅನೇಕ ಮಕ್ಕಳಿಗೆ ಅದು ಹಿಂದಿಯನ್ನೋ ಇಂಗ್ಲಿಷನ್ನೋ ಆಡುತ್ತಿದೆ.

ಕೂಸು ಯಾವ ಭಾಷೆಯನ್ನು ಕೇಳಿದರೇನು, ಕಿವಿಗೆ ಬಿದ್ದಷ್ಟೂ ಲಾಭವಲ್ಲವೆ, ಎಂದು ವಿದ್ಯಾವಂತರಾದ ತರುಣರು ನಮ್ಮೊಡನೆ ವಾದಿಸಿದ್ದುಂಟು. ಇದಕ್ಕೆ 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಉತ್ತರ ಹೇಳುತ್ತದೆ. ಪೆಟ್ರಿಷಿಯ ಕೂಲ್ ಎಂಬ ವಿದುಷಿಯೂ ಅವರ ಸಂಗಡಿಗರೂ ಅಮೆರಿಕದ ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ 12 ಸಲ ಚೀನೀ ಭಾಷೆಯನ್ನು ಕೇಳಿಸಿದರು. ಕೆಲವು ಕೂಸುಗಳ ಎದುರಿಗೆ ಚೀನೀ ಮಾತನಾಡುವವರೇ ನೆಲದ ಮೇಲೆ ಕುಳಿತು ಆಡಿಸಿದರು. ಇನ್ನು ಕೆಲವಕ್ಕೆ ಅದೇ ಜನ, ಅದೇ ಮಾತು, ಆದರೆ ತೆರೆಯ ಮೇಲೆ. ಮೊದಲಿನವು ಆ ಭಾಷೆಯ ಸೂಕ್ಷ್ಮವಾದ ಉಚ್ಚಾರಣಾಭೇದವನ್ನು ಗುರುತಿಸಲು ಕಲಿತವು. ತೆರೆಯನ್ನು ನೋಡಿದವು ಏನನ್ನೂ ಕಲಿಯಲಿಲ್ಲ.

ನಾಲ್ಕು ವರ್ಷದ ಮಗುವಿನ ಸ್ಥಿತಿ ಬೇರೆ. ಅದು ತೆರೆಯಿಂದಲೂ ಮಾತನ್ನು ಹೆಕ್ಕಿಕೊಳ್ಳಬಲ್ಲದು. ನಮಗೆ ಪರಿಚಯವಿರುವ ಒಂದು ಮನೆಯಲ್ಲಿ ಹಾಸನದ ಕಡೆಯ ಹಳ್ಳಿಯಿಂದ ಅಜ್ಜಿಯು ಮೊಮ್ಮಗುವನ್ನು ನೋಡಿಕೊಳ್ಳಲೆಂದು ಬಂದಳು. ಮಗುವು ಒಂದು ದಿನ ಅವಳ ಸೆರಗು ಹಿಡಿದು ಕಣ್ಣರಳಿಸಿ ಉದ್ದವಾದ ಕಥೆಯೊಂದನ್ನು ಹೇಳಿತು. ಅದರಲ್ಲಿ ಅರ್ಧಕ್ಕೆ ಮೇಲೆ ಕಾರ್ಟೂನಿನ ಹಿಂದಿ. ಅಜ್ಜಿಯು, “ಏನಂದೆ ಕಂದಾ? ಇನ್ನೊಂದು ಸಲ ಹೇಳು,” ಎಂದಳು. ಮಗುವು ಇನ್ನೊಂದು ಸಲ ಹೇಳಿತು. ಮೂರನೆಯ ಸಲ ಹೇಳಲಿಲ್ಲ. ಸೆರಗು ಬಿಟ್ಟು, ಅರ್ಥವಾಗುವ ಗೆಳೆಯನ ಬಳಿಗೆ, ಎಂದರೆ ಟೀವಿಯ ಬಳಿಗೆ, ಹೊರಟುಹೋಯಿತು. ಕೇಳಿದವರು ನಕ್ಕರು. ನಮಗೆ ನಗು ಬರಲಿಲ್ಲ. ಹಿಂದಿಯ ಮೇಲೆ ನಮಗೆ ದ್ವೇಷವಿಲ್ಲ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಎಷ್ಟು ಭಾಷೆಗಳನ್ನು ಬೇಕಾದರೂ ಕಲಿಯಲಿ. ಆದರೆ ಮನೆಯಲ್ಲಿರುವವರಿಗೆ ತನ್ನ ಮನಸ್ಸನ್ನು ಹೇಳಲು ಬೇಕಾದ ಮಾತು ಮೊದಲು ಬರಬೇಕು.

2009ರಲ್ಲಿ ಕನ್ನಡದಲ್ಲಿಯೇ ‘ಚಿಂಟು’ ಎಂಬ ಮಕ್ಕಳ ವಾಹಿನಿಯು ಆರಂಭವಾದಾಗ ನಾವು ಸಂತೋಷಪಟ್ಟೆವು. ಸಿನಿಮಾ, ಧಾರಾವಾಹಿಗಳನ್ನು ಡಬ್ಬಿಂಗ್ ಮಾಡಬಾರದೆಂಬ ಹಳೆಯ ನಿರ್ಬಂಧವೂ, 2015ರಲ್ಲಿ ಸ್ಪರ್ಧಾ ಆಯೋಗವು ಅದು ಸಲ್ಲದೆಂದು ತೀರ್ಪು ಕೊಟ್ಟುದೂ ವಾಚಕರಿಗೆ ತಿಳಿದೇ ಇದೆ. ಕಲಾವಿದರ ಅನ್ನದ ಪ್ರಶ್ನೆ ಅದರಲ್ಲಿ ಇದ್ದುದರಿಂದ ದೊಡ್ಡವರ ಚಿತ್ರಗಳ ವಿವಾದಕ್ಕೆ ನಾವು ಕೈಹಾಕುವುದಿಲ್ಲ. ಎಳೆಯರ ಮಟ್ಟಿಗೆ ನಮ್ಮ ಅಭಿಪ್ರಾಯವು ಸ್ಪಷ್ಟ: ನಮ್ಮವರೇ ತಯಾರಿಸಿದುದು ಉತ್ತಮ, ಅದಿಲ್ಲದಿದ್ದಲ್ಲಿ ಕನ್ನಡ ದನಿಯನ್ನು ಕೂಡಿಸಿದುದು ಮಧ್ಯಮ, ಅಜ್ಜಿಗೆ ಅರ್ಥವಾಗದುದು ಯಾವುದೂ ಬೇಡ.

ನಮ್ಮ ವಯಸ್ಸಿನವರಿಗೆ ರುಚಿಸದ ಒಂದು ಮಾತನ್ನೂ ಹೇಳಬೇಕಾಗಿದೆ. ಮಗುವು ಮೂಲೆಯಲ್ಲಿ ಮರದ ಆನೆಯನ್ನಿಟ್ಟುಕೊಂಡು ಆಡುತ್ತಿದೆ. ತಾತನು ವಾರ್ತೆಯನ್ನೋ ಅಜ್ಜಿಯು ಧಾರಾವಾಹಿಯನ್ನೋ ನೋಡುತ್ತಿರುವರು. ಮಗುವು ಅದನ್ನು ನೋಡುತ್ತಿಲ್ಲವಲ್ಲ ಎಂದು ಸಮಾಧಾನ. 2008ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳು ಆಡುತ್ತಿರುವಾಗ ಹಿಂದೆ ದೊಡ್ಡವರ ಕಾರ್ಯಕ್ರಮವೊಂದನ್ನು ಹಚ್ಚಿಟ್ಟರು. ಮಕ್ಕಳು ಅದರ ಕಡೆ ನೋಡಿದುದು ಕ್ಷಣಮಾತ್ರ. ಆದರೂ ಆಟದ ಅವಧಿ ಕುಗ್ಗಿತು, ಆಟದಲ್ಲಿ ನೆಟ್ಟ ಗಮನವು ತುಂಡುತುಂಡಾಯಿತು. ಸಂಜೆಯ ಧಾರಾವಾಹಿಯಲ್ಲಿ ಅತ್ತೆಯು ಸೊಸೆಯನ್ನು ಗದರುವ ದನಿಗೆ ಮರದ ಆನೆಯು ಅರ್ಧ ದಾರಿಯಲ್ಲಿಯೇ ನಿಂತುಬಿಡುತ್ತದೆ. ಮಗು ಮಲಗಿದ ಮೇಲೆ ನೋಡಿದರೆ ಆ ಕಥೆಗೇನೂ ನಷ್ಟವಿಲ್ಲ. ಒಂದು ತಿಂಗಳು ಬಿಟ್ಟು ನೋಡಿದರೂ ಅದು ಅಲ್ಲಿಯೇ ಇರುತ್ತದೆ.

ಎಷ್ಟು ಹೊತ್ತು ತೋರಿಸಬಹುದೆಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಒಂದು ಮಿತಿಯನ್ನು ಹೇಳಿತು. ಎರಡು ವರ್ಷದೊಳಗಿನ ಕೂಸಿಗೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮನೆಯಲ್ಲಿ ಒಬ್ಬಳೇ ಇದ್ದು, ಒಲೆಯ ಮೇಲೆ ಹುಳಿ ಕುದಿಯುತ್ತಿರುವಾಗ ಮಗುವನ್ನು ಅರ್ಧ ಗಂಟೆ ಟೀವಿಯ ಮುಂದೆ ಕೂರಿಸಿದ ತಾಯಿಯನ್ನು ಆಕ್ಷೇಪಿಸುವವರು ಮೊದಲು ಸೌಟನ್ನು ತಾವು ಹಿಡಿಯಲಿ. ಹಿರಿಯರು ಪಕ್ಕದಲ್ಲಿ ಕುಳಿತುಕೊಳ್ಳಬಹುದಾದ ಮನೆಗಳಲ್ಲಿ ಆ ಅರ್ಧ ಗಂಟೆಯು ವ್ಯರ್ಥವಾಗದು: ಅದು ಯಾವ ಪ್ರಾಣಿ, ಏಕೆ ಅಳುತ್ತಿದೆ, ನಮ್ಮ ಹಿತ್ತಿಲಿಗೂ ಬಂದಿತ್ತಲ್ಲವೆ ಎಂದು ಕೇಳುತ್ತ ಹೋದರೆ, ತೆರೆಯ ಮೇಲಿನ ಬೆಕ್ಕು ಮನೆಯ ಬೆಕ್ಕಾಗುತ್ತದೆ.

ಈಚೆಗೆ ಕೆಲವರು ಟೀವಿಯನ್ನು ಮನೆಯಿಂದ ಹೊರಗೆ ಹಾಕಿ, ಮಗುವಿನ ಕೈಗೆ ಮೊಬೈಲನ್ನು ಕೊಟ್ಟು, ಉಪದ್ರವ ಕಳೆಯಿತೆಂದುಕೊಂಡಿರುವರು. ನಡುಮನೆಯ ಟೀವಿಯಲ್ಲಿ ಏನು ಬರುತ್ತಿದೆಯೆಂಬುದು ಅಡುಗೆಮನೆಯಲ್ಲಿದ್ದವರಿಗೂ ಕೇಳಿಸುತ್ತದೆ; ಸರಿಯಿಲ್ಲದಿದ್ದರೆ ಅಜ್ಜಿಯು ಕುಳಿತಲ್ಲಿಂದಲೇ ಗದರಬಹುದು. ಅಂಗೈಯಗಲದ ಗಾಜಿನೊಳಗೆ ಒಂದು ಚಿತ್ರ ಮುಗಿಯುವ ಮೊದಲೇ ಇನ್ನೊಂದು ತಾನಾಗಿಯೇ ಮೊದಲಾಗುತ್ತದೆ, ಮತ್ತು ಅದರೊಳಕ್ಕೆ ಇಣಿಕಿ ನೋಡಲು ನಮ್ಮ ಕನ್ನಡಕಕ್ಕೆ ಸಾಧ್ಯವಿಲ್ಲ. ಎರಡರಲ್ಲಿ ಒಂದನ್ನು ಹೊರಗೆ ಹಾಕಲೇಬೇಕೆಂದಿರುವ ಗೃಹಸ್ಥರು ದಯಮಾಡಿ ಟೀವಿಯನ್ನು ಉಳಿಸಿಕೊಳ್ಳಲಿ.