ಲಿನಕ್ಸ್ ಹಾಕ್ಕೊಳ್ರೀ ಅನ್ನೋ ಮಹನೀಯರೇ...

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿದ್ದೇ ತಡ, ನಮ್ಮ ಲಿನಕ್ಸ್ ಗೆಳೆಯರಿಗೆ ಹಬ್ಬವೋ ಹಬ್ಬ. ಹಳೇ ಕಂಪ್ಯೂಟರಿನಲ್ಲಿ ಟಿಪಿಎಂ 2.0 ಇಲ್ಲ, ವಿಂಡೋಸ್ 11 ಕೂರೋದಿಲ್ಲ, ಉಬುಂಟು ಹಾಕ್ಕೊಳ್ಳಿ, ಪುಕ್ಕಟೆ! ಹಾಕಿಕೊಳ್ಳದವರು ಸೋಮಾರಿಗಳು, ಕಂಪನಿಯ ಗುಲಾಮರು. ನನ್ನ ತಕರಾರು ಈ ಬೈಗುಳದ ಮೇಲೆ, ಲಿನಕ್ಸ್ ಮೇಲಲ್ಲ.

ಸ್ವಾಮಿ, ಒಮ್ಮೆ ಯಾವುದಾದರೂ ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ನೋಡಿ. ಮದುವೆ ಕಾರ್ಡು, ಬಾಡಿಗೆ ಕರಾರು, ಶ್ರದ್ಧಾಂಜಲಿ ಬ್ಯಾನರು. ಇವತ್ತಿಗೂ ಎಷ್ಟೋ ಕಡೆ ಎಲ್ಲವೂ ನುಡಿ ಮತ್ತು ಪೇಜ್‌ಮೇಕರ್ 7ರಲ್ಲೇ. 2001ರಲ್ಲಿ ಬಂದ ಆ 7ನೇ ಆವೃತ್ತಿಯೇ ಪೇಜ್‌ಮೇಕರಿನ ಕೊನೆಯದು. ಅದಕ್ಕೆ ಯೂನಿಕೋಡ್ ಅಂದರೇನೆಂದೇ ಗೊತ್ತಿಲ್ಲ. ಹಾಗಾಗಿ ಹಳೇ ಆಸ್ಕಿ ಫಾಂಟುಗಳೇ ಗತಿ. ಕಡತದೊಳಗೆ ಇರೋದು ಇಂಗ್ಲಿಷಿನ ಚಿತ್ರವಿಚಿತ್ರ ಅಕ್ಷರಗಳು, ಅದಕ್ಕೆ ಕನ್ನಡದ ವೇಷ ತೊಡಿಸೋದು ಫಾಂಟು. ವೇಷ ಕಳಚಿದರೆ ಮುಗೀತು ಕಥೆ!

"ಅಕ್ಕನ ಮದುವೆ ಕಾರ್ಡು ನಿಮ್ಮಲ್ಲೇ ಮಾಡ್ಸಿದ್ದು, ಅದನ್ನೇ ತೆಗೆದು ಹೆಸರು ಬದಲಾಯಿಸಿ ಕೊಡಿ ಅಣ್ಣಾ" ಅಂತ ಗಿರಾಕಿ ಬಂದರೆ ಆ ಕಡತ ತೆರೆಯಬೇಕು, ಅದೂ ಐದು ನಿಮಿಷದಲ್ಲಿ. ಇಪ್ಪತ್ತು ವರ್ಷದ ಇಂಥ ಕಡತಗಳೇ ಆ ಅಂಗಡಿಯವನ ಬಂಡವಾಳ. ಇದನ್ನು ಅಭ್ಯಾಸಬಲ ಅಂತೀರಾ? ನಾನಂತೂ ಹೊಟ್ಟೆಪಾಡು ಅಂತೀನಿ.

ಲಿನಕ್ಸಿನಲ್ಲೂ ಕಗಪ ಕೀಲಿಮಣೆ ಇದೆಯಲ್ಲ ಅಂತೀರಿ. ಹೌದು, ಇದೆ, ಬೆರಳುಗಳ ಸಮಸ್ಯೆ ಅಲ್ಲಿಗೆ ತೀರಿತು. ಪರಿವರ್ತಕಗಳಿವೆ ಅಂತೀರಿ. ಅವು ಬದಲಿಸೋದು ಪಠ್ಯವನ್ನು. ಬಾರ್ಡರು, ಗಣಪತಿ ಚಿತ್ರ, ಕಾಲಂ ಲೆಕ್ಕ ಎಲ್ಲ ಹೊಸದಾಗಿ ಕೂರಿಸೋರು ಯಾರು? ಇನ್ನು ಲಗ್ನದ ಸೀಸನ್ನಿನಲ್ಲಿ ಪ್ರಿಂಟರ್ ಮುನಿಸಿಕೊಂಡರೆ ಓಡಿ ಬರೋ ಹುಡುಗನಿಗೆ ಗೊತ್ತಿರೋದು ವಿಂಡೋಸ್ ಒಂದೇ. ಫೋರಂ ಹುಡುಕಿ ಟರ್ಮಿನಲ್‌ನಲ್ಲಿ ನಾಲ್ಕು ಸಾಲು ಕುಟ್ಟು ಅಂತ ನೀವು ಬೆಂಗಳೂರಿನಿಂದ ಹೇಳಿದರೆ ಅವನು ಫೋನ್ ಇಡ್ತಾನೆ :)

ಜನ ಬದಲಾಗೋದೇ ಇಲ್ಲ ಅನ್ನೋದೂ ಸುಳ್ಳು. ಪಕ್ಕದ ಕೇರಳ ನೋಡಿ. ಎರಡು ಸಾವಿರದ ದಶಕದಲ್ಲೇ ಅಲ್ಲಿನ ಸರ್ಕಾರಿ ಶಾಲೆಗಳು ಗ್ನು/ಲಿನಕ್ಸಿಗೆ ಬಂದವು. ಬೈದು ಬರಿಸಿದ್ದಲ್ಲ. ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು, ಪಠ್ಯಪುಸ್ತಕವನ್ನೇ ಅದಕ್ಕೆ ತಕ್ಕಂತೆ ಬರೆದರು, ಹತ್ತನೇ ತರಗತಿಯ ಐಟಿ ಪರೀಕ್ಷೆಯನ್ನೂ ಅದರಲ್ಲೇ ಇಟ್ಟರು. ಇನ್ನು ನಮ್ಮಜ್ಜಿಯರ ಕೈಲಿರೋ ಆಂಡ್ರಾಯ್ಡ್ ಫೋನಿನ ತಳದಲ್ಲಿರೋದೂ ಲಿನಕ್ಸ್ ಕರ್ನಲ್ಲೇ! ಯಾವ ಅಜ್ಜಿಗೂ ಯಾರೂ ಸ್ವಾತಂತ್ರ್ಯದ ಪಾಠ ಮಾಡಲಿಲ್ಲ. ಅಂಗಡಿಯಲ್ಲಿ ಫೋನ್ ಕೊಂಡಾಗಲೇ ಒಳಗೆ ಕೂತಿತ್ತು, ಮೊಮ್ಮಗನ ಮುಖ ಕಂಡಿತು, ಸಾಕು.

ನಮ್ಮಲ್ಲಿ ಕೋಡ್ ಬರೆಯೋರಿಗೇನು ಬರವೇ? ಪೇಜ್‌ಮೇಕರಿನ ಒಂದು ಹಳೇ ಕನ್ನಡ ಮದುವೆ ಕಾರ್ಡನ್ನು ಒಂದು ಒತ್ತಕ್ಷರವೂ ಕೆಡದಂತೆ, ಒಂದು ಗೆರೆಯೂ ಜರುಗದಂತೆ ಸ್ಕ್ರೈಬಸ್‌ಗೆ ತಂದು ತೋರಿಸಿ. ಆ ಅಂಗಡಿಗೆ ನಾನೇ ನಿಮ್ಮನ್ನು ಕರ್ಕೊಂಡು ಹೋಗ್ತೀನಿ, ಕಾಫಿನೂ ನಂದೇ. ಯಾರು ಬರ್ತೀರಿ?