ಸರ್ಟಿಫಿಕೇಟಿಗೆ ನಾದವಿಲ್ಲ

ಮುಂಬಯಿಯಲ್ಲಿ ನಮ್ಮವರ ಮನೆಗೆ ಹೋದರೆ ಹೊರಕೋಣೆಯ ಗೋಡೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ದೇವರ ಪಟ. ಅದರ ಮಗ್ಗುಲಲ್ಲೇ ಮಕ್ಕಳ ಸರ್ಟಿಫಿಕೇಟುಗಳು. ಚಿತ್ರ ಬರೆಯುವ ಮಗುವಿಗೆ ಎಲಿಮೆಂಟರಿ, ಇಂಟರ್‌ಮೀಡಿಯೆಟ್. ಹಾಡುವ ಮಗುವಿಗೆ ಗಾಂಧರ್ವ ಮಹಾವಿದ್ಯಾಲಯದ ಪ್ರಾರಂಭಿಕದಿಂದ ವಿಶಾರದದವರೆಗಿನ ಮೆಟ್ಟಿಲುಗಳು. ಈಚೆಗೆ ಪಿಯಾನೋ ಕಲಿಯುವ ಮಗುವಿಗೆ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡುಗಳು. ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ಆಂಟಾಪ್ ಹಿಲ್‌ನ ಸರ್ಕಾರಿ ವಸತಿಯಲ್ಲಿ, ಎರಡು ಕೋಣೆಗಳ ನಮ್ಮ ಮನೆಯ ಗೋಡೆಯ ಮೇಲೆ ಮಗಳ ಒಂಬತ್ತು ಸರ್ಟಿಫಿಕೇಟುಗಳು ಸಾಲಾಗಿ ತೂಗುತ್ತಿವೆ. ಅಗತ್ಯ ಬಿದ್ದ ದಿನ ಆ ಒಂಬತ್ತೂ ಸೇರಿ ಅವಳನ್ನು ಕೈಬಿಟ್ಟವು. ತಪ್ಪು ಅವಳದಲ್ಲ, ನಮ್ಮದು. ಅದೇ ತಪ್ಪನ್ನು ಇನ್ನೂ ಹತ್ತು ಮನೆಗಳಲ್ಲಿ ಮಾಡುತ್ತಿರುವುದನ್ನು ಕಂಡು ಸುಮ್ಮನಿರಲಾರದೆ ಇದನ್ನು ಬರೆಯುತ್ತಿದ್ದೇವೆ.

ಹನ್ನೆರಡನೆಯ ತರಗತಿಗೆ ಬಂದ ಮಗಳು ಪಿಯಾನೋವನ್ನೇ ಪದವಿಗೆ ಓದುತ್ತೇನೆ ಎಂದಳು. ನಮ್ಮ ಮುಂಬಯಿ ವಿಶ್ವವಿದ್ಯಾಲಯದಲ್ಲಿ 1969ರಿಂದ ಸಂಗೀತ ವಿಭಾಗವಿದೆಯಾದರೂ ಅದರ ಬೇರು ಹಿಂದೂಸ್ತಾನಿ ಸಂಗೀತದಲ್ಲಿದೆ. ಪಿಯಾನೋಗಾದರೆ ಊರು ಬಿಟ್ಟು ನೋಡಬೇಕು. ಚೆನ್ನೈಯಲ್ಲಿ ಎ. ಆರ್. ರೆಹಮಾನ್ 2008ರಲ್ಲಿ ಆರಂಭಿಸಿದ ಕೆ.ಎಂ. ಮ್ಯೂಸಿಕ್ ಕನ್ಸರ್ವೇಟರಿ ಇದೆ. ಅದನ್ನು ಬಿಟ್ಟರೆ ಹೆಚ್ಚಿನವರ ಕಣ್ಣು ಹೊರದೇಶಗಳ ಮೇಲೆ. ಗುಮಾಸ್ತನ ಸಂಬಳದಲ್ಲಿ ಹೊರದೇಶವೇ ಎಂದು ಹುಬ್ಬೇರಿಸುವವರಿಗೆ ಒಂದು ಮಾತು: ಜರ್ಮನಿಯ ಸರ್ಕಾರಿ ಸಂಗೀತ ವಿದ್ಯಾಲಯಗಳಲ್ಲಿ ಹಲವು ಬೋಧನಾ ಶುಲ್ಕವನ್ನೇ ಕೇಳುವುದಿಲ್ಲ, ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಸಂಗೀತದ ವಿದ್ಯಾರ್ಥಿವೇತನ ಕೈಗೆ ಬರುವುದೂ ಬಿಡುವುದೂ ಆಡಿಶನ್ ಎಂಬ ಆ ನುಡಿಸುವ ಪರೀಕ್ಷೆಯ ಮೇಲೆ ನಿಂತಿದೆ. ಉಳ್ಳವರ ಮಗುವಿಗೆ ಆಡಿಶನ್ ಎಂದರೆ ಪ್ರವೇಶ ಮಾತ್ರ. ನಮ್ಮಂಥವರ ಮಗುವಿಗೆ ಅದು ಪ್ರವೇಶವೂ ಹೌದು, ಹಣವೂ ಹೌದು.

ಅರ್ಜಿಯ ನಮೂನೆಯನ್ನು ತೆರೆದು ಕುಳಿತೆವು. ವಿಶ್ವವಿದ್ಯಾಲಯಗಳು ಬೇರೆ ಬೇರೆಯಾದರೂ ಕೇಳಿಕೆ ಹೆಚ್ಚುಕಡಿಮೆ ಒಂದೇ. ಬಾಖ್‌ನ ಒಂದು ಪ್ರೆಲ್ಯೂಡ್ ಮತ್ತು ಫ್ಯೂಗ್. ಹೈಡನ್, ಮೊಝಾರ್ಟ್ ಅಥವಾ ಬೇಟೋವನ್‌ನ ಸೊನಾಟಾದ ಒಂದು ಭಾಗ, ಕೆಲವೆಡೆ ಪೂರ್ಣ ಸೊನಾಟಾ. ಶೋಪಾನ್, ಶೂಮನ್, ಬ್ರಾಹ್ಮ್ಸ್ ಮೊದಲಾದವರ ರಮ್ಯಯುಗದ ಒಂದು ಕೃತಿ. ಇಪ್ಪತ್ತನೆಯ ಶತಮಾನದ ಒಂದು ಕೃತಿ. ಇವುಗಳ ಮೇಲೆ ಬೆರಳಿನ ಸಾಮರ್ಥ್ಯ ತೋರುವ ಒಂದು ಎಟ್ಯೂಡ್. ಎಲ್ಲವೂ ಸ್ವರಪುಸ್ತಕವಿಲ್ಲದೆ, ಬಾಯಿಪಾಠದಂತೆ. ಎಷ್ಟೋ ಕಡೆ ಮೊದಲು ವೀಡಿಯೋ ಕಳಿಸಬೇಕು. ಒಂದೊಂದು ಕೃತಿಯೂ ಕತ್ತರಿ ಹಾಕದೆ ಒಂದೇ ಉಸಿರಿನಲ್ಲಿ ಚಿತ್ರಿತವಾಗಿರಬೇಕು. ಅಮೆರಿಕದ ಹಲವೆಡೆ ಇದಕ್ಕೆ ಗಡುವು ಡಿಸೆಂಬರಿನ ಮೊದಲ ದಿನ. ಇದರಲ್ಲಿ ಗೆದ್ದವರನ್ನು ಮಾತ್ರ ಎದುರಿಗೆ ಕೂರಿಸಿ ಕೇಳುತ್ತಾರೆ. ಅಲ್ಲಿ ಪರೀಕ್ಷಕರು ಎಲ್ಲಿಂದ ಬೇಕಾದರೂ ನುಡಿಸಲು ಹೇಳಿಯಾರು, ನಡುವೆಯೇ ನಿಲ್ಲಿಸಿಯಾರು.

ನಮೂನೆಯನ್ನು ಓದಿ ನಾವು ಎದೆಯುಬ್ಬಿಸಿ ಹೇಳಿದೆವು: “ಎಂಟನೆಯ ಗ್ರೇಡು ಡಿಸ್ಟಿಂಕ್ಷನ್ನಿನಲ್ಲಿ ಆಗಿದೆಯಲ್ಲ, ಇನ್ನೇನು?” ಮಗಳು ತಲೆ ತಗ್ಗಿಸಿ ಕುಳಿತಳು. “ಅಪ್ಪಾ, ನನಗೆ ಈಗ ಬರುವುದು ಕಳೆದ ಪರೀಕ್ಷೆಯ ಮೂರು ಮಾತ್ರ” ಎಂದಳು.

ಲೆಕ್ಕ ಬರೆಯುವುದು ನಮ್ಮ ವೃತ್ತಿ. ಅಂದು ರಾತ್ರಿ ಇದನ್ನೂ ಲೆಕ್ಕ ಹಾಕಿದೆವು. ಟ್ರಿನಿಟಿಯ ಗ್ರೇಡು ಪರೀಕ್ಷೆಗೆ ಒಟ್ಟು 100 ಅಂಕ. ಮೂರು ಕೃತಿಗಳಿಗೆ ತಲಾ 22ರಂತೆ 66. ಸ್ವರಸಾಧನೆ ಮೊದಲಾದ ತಂತ್ರಕ್ಕೆ 14. ಉಳಿದ ಸಣ್ಣ ಪರೀಕ್ಷೆಗಳಿಗೆ 20. 60 ಬಂದರೆ ಪಾಸು, 75ಕ್ಕೆ ಮೆರಿಟ್, 87ಕ್ಕೆ ಡಿಸ್ಟಿಂಕ್ಷನ್. ಹಾಗಾದರೆ ಜಾಣ ತಂದೆ ಏನು ಮಾಡುತ್ತಾನೆ? ವರ್ಷವಿಡೀ ಆ ಮೂರೇ ಕೃತಿಗಳನ್ನು ಅರೆಸುತ್ತಾನೆ. ಪರೀಕ್ಷೆ ಮುಗಿದ ಮರುದಿನ ಪುಸ್ತಕ ಅಟ್ಟಕ್ಕೆ, ಮುಂದಿನ ಗ್ರೇಡಿನ ಪುಸ್ತಕ ಮೇಜಿಗೆ. ಪ್ರಾರಂಭದ ಇನಿಷಿಯಲ್ ಸೇರಿ ಒಂಬತ್ತು ಪರೀಕ್ಷೆಗಳಿಗೆ 27 ಕೃತಿಗಳನ್ನು ಮಗಳು ಕಲಿತಿದ್ದಳು, 24ನ್ನು ಮರೆತಿದ್ದಳು. ಮರೆತದ್ದು ಅವಳ ಬುದ್ಧಿ ಮಂದವಾಗಿ ಅಲ್ಲ. “ಅದು ಮುಗಿಯಿತಲ್ಲ, ಈಗೇಕೆ ಅದನ್ನು ನುಡಿಸುತ್ತೀ?” ಎಂದು ಗದರಿಸಿದವರು ನಾವೇ.

ಕುಂದಾಪುರದ ಕಡೆಯ ನಮ್ಮ ಅಜ್ಜಿ ಯಾವ ಪರೀಕ್ಷೆಗೂ ಕೂತವರಲ್ಲ. ಸಂಜೆ ದೀಪ ಹಚ್ಚಿ ಕುಳಿತರೆ ಒಂದರ ಹಿಂದೊಂದು ದೇವರನಾಮ. ಹಾಡಿದ್ದನ್ನೇ ಮರಳಿ ಹಾಡದೆ ವಾರ ಕಳೆಯುತ್ತಿದ್ದರು. ಒಂಬತ್ತು ಸರ್ಟಿಫಿಕೇಟಿನ ಮೊಮ್ಮಗಳಿಗೆ ಮೂರು, ಒಂದೂ ಇಲ್ಲದ ಮುತ್ತಜ್ಜಿಗೆ ನೂರು. ವಿಶ್ವವಿದ್ಯಾಲಯದವರು ಕೇಳುತ್ತಿರುವುದು ಮುತ್ತಜ್ಜಿಯ ಬಳಿ ಇದ್ದದ್ದನ್ನು. ಅದಕ್ಕೆ ಅವರು ರೆಪರ್ಟರಿ ಎನ್ನುತ್ತಾರೆ. ನಮ್ಮ ಸಂಗೀತಗಾರರು ಪಾಠಾಂತರ ಎನ್ನುತ್ತಾರೆ. ಕಲಿತು ಕೈಯಲ್ಲಿ ಉಳಿಸಿಕೊಂಡ ಆಸ್ತಿ ಅದು. ಕಲಿತು ಕಳೆದುಕೊಂಡದ್ದರ ರಶೀದಿಯಲ್ಲ.

ಮುಂದೆ ನಡೆದದ್ದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಕಥೆ. ಗಡುವಿಗೆ ಐದು ತಿಂಗಳು. ಕೃತಿಗಳನ್ನು ಆರಿಸುವಾಗಲೂ ನಮ್ಮ ಹುಚ್ಚು ಬಿಡಲಿಲ್ಲ. ಪರೀಕ್ಷಕರು ಬೆರಗಾಗಲಿ ಎಂದು ಶೋಪಾನ್‌ನ ಜಿ ಮೈನರ್ ಬಲಾಡನ್ನೇ ಹಿಡಿಸಿದೆವು. ಒಂದು ಫ್ಯೂಗನ್ನೂ ಎಂದೂ ನುಡಿಸದ ಹುಡುಗಿ ಎರಡು ತಿಂಗಳಲ್ಲಿ ಮೂರು ದನಿಗಳ ಫ್ಯೂಗ್ ಕಲಿಯಬೇಕಾಯಿತು. ಫ್ಯೂಗಿನಲ್ಲಿ ಒಂದೇ ರಾಗಮುಖ ಒಂದು ದನಿಯಿಂದ ಇನ್ನೊಂದಕ್ಕೆ ಹಾಯುತ್ತಾ ಹೋಗುತ್ತದೆ. ಹತ್ತು ಬೆರಳುಗಳು ಮೂವರು ಹಾಡುಗಾರರಾಗಬೇಕು. ಬಾಖ್ ತನ್ನ ಶಿಷ್ಯರಿಗೆಂದು ಎರಡು ದನಿಗಳ 15 ಇನ್ವೆನ್ಶನ್‌ಗಳನ್ನೂ ಮೂರು ದನಿಗಳ 15 ಸಿನ್ಫೋನಿಯಾಗಳನ್ನೂ ಬರೆದಿಟ್ಟ. ಆ ಮೆಟ್ಟಿಲುಗಳನ್ನು ಹತ್ತಿದ ಬೆರಳಿಗೆ ಅವನ 48 ಪ್ರೆಲ್ಯೂಡ್ ಮತ್ತು ಫ್ಯೂಗುಗಳು ದಕ್ಕುತ್ತವೆ. ಮಗಳು ಆ ಮೂವತ್ತರಲ್ಲಿ ನುಡಿಸಿದ್ದು ಎರಡು, ಅದೂ ಪಟ್ಟಿಯಲ್ಲಿ ಬಂದಿದ್ದರಿಂದ.

ವಾದ್ಯದ ಮಾತು ಬೇರೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು. ಪಿಯಾನೋದಲ್ಲಿ ಕೀಲಿ ಒತ್ತಿದಾಗ ಸನ್ನೆಕೋಲಿನಂತೆ ಒಳಗಿನ ಸುತ್ತಿಗೆ ಹಾರಿ ತಂತಿಗೆ ಬಡಿಯುತ್ತದೆ. ನಾದ ಮೆಲ್ಲಗಿರಬೇಕೋ ಗಟ್ಟಿಯಾಗಿರಬೇಕೋ ಎಂಬುದನ್ನು ನಿರ್ಧರಿಸುವುದು ಆ ಸುತ್ತಿಗೆಯ ವೇಗ. ಬೆರಳು ಕಲಿಯಬೇಕಾದದ್ದು ಆ ತೂಕವನ್ನು. ನಾವೋ, ಜಾಗವಿಲ್ಲ, ಹಣವಿಲ್ಲ, ನೆರೆಯವರು ಬೈಯುತ್ತಾರೆ ಎಂದು ಐದನೆಯ ಗ್ರೇಡಿನವರೆಗೆ ಹಗುರ ಕೀಲಿಗಳ ಕೀಬೋರ್ಡಿನಲ್ಲೇ ತಳ್ಳಿದೆವು. ಪಿಯಾನೋಗೆ 88 ಕೀಲಿಗಳು, ಅದಕ್ಕೆ 61, ಇಪ್ಪತ್ತೇಳು ಕಡಿಮೆ. ಆಮೇಲೆ ಕಂತಿನಲ್ಲಿ ಡಿಜಿಟಲ್ ಪಿಯಾನೋ ಕೊಂಡೆವು. ನಿಜವಾದ ಪಿಯಾನೋವನ್ನು ಮಗಳು ಮುಟ್ಟುತ್ತಿದ್ದುದು ಪಾಠದ ದಿನ ಒಂದು ಗಂಟೆ. ವೀಡಿಯೋ ತೆಗೆಯಲು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದ ಪಿಯಾನೋ ಅವಳಿಗೆ ಅಪರಿಚಿತ. ಗಡಿಯಾರ ನೋಡುತ್ತಾ ನಾವು ಪಕ್ಕದಲ್ಲಿ ನಿಂತಿದ್ದೆವು. ಬಲಾಡಿನ ಕೊನೆಯ ಪುಟಗಳು ಚಿಂದಿಯಾದವು. ಮೂರನೆಯ ಸಲಕ್ಕೆ ಸಮಯ ಮುಗಿಯಿತು. ಇದ್ದದ್ದನ್ನೇ ಕಳಿಸಿದೆವು. ಫೆಬ್ರವರಿಯಲ್ಲಿ ಎರಡು ಸಾಲಿನ ವಿಷಾದಪತ್ರ ಬಂತು. ಮೂರು ವಾರ ಮಗಳು ವಾದ್ಯದ ಮುಚ್ಚಳ ತೆಗೆಯಲಿಲ್ಲ.

ಗ್ರೇಡು ಪರೀಕ್ಷೆಗಳೇ ಬೇಡವೆಂದು ನಮ್ಮ ವಾದವಲ್ಲ. ಶಿಸ್ತಿಗೆ, ಅಳತೆಗೆ ಅವು ಒಳ್ಳೆಯವು. ಬ್ರಿಟನ್ನಿನ ವಿಶ್ವವಿದ್ಯಾಲಯ ಪ್ರವೇಶದ ಲೆಕ್ಕದಲ್ಲಿ ಆರರಿಂದ ಎಂಟನೆಯ ಗ್ರೇಡುಗಳಿಗೆ ಅಂಶಗಳೂ ಸಿಗುತ್ತವೆ. ಟ್ರಿನಿಟಿಯವರಾಗಲಿ, 1889ರಲ್ಲಿ ಹುಟ್ಟಿದ ಅಸೋಸಿಯೇಟೆಡ್ ಬೋರ್ಡಿನವರಾಗಲಿ, ವರ್ಷಕ್ಕೆ ಮೂರೇ ಕೃತಿ ಕಲಿಯಿರಿ ಎಂದು ಎಲ್ಲಿಯೂ ಹೇಳಿಲ್ಲ. ಅದನ್ನು ಕಂಡುಹಿಡಿದವರು ನಾವು ತಾಯಿತಂದೆಯರು. ಹತ್ತನೆಯ ತರಗತಿಯ ಗೈಡು ಪುಸ್ತಕದ ಬುದ್ಧಿಯನ್ನು ಸಂಗೀತಕ್ಕೂ ತಂದು ಹಚ್ಚಿದೆವು. ಅದಕ್ಕೆ ತಕ್ಕಂತೆ ಫಲಿತಾಂಶದ ಬ್ಯಾನರು ಕಟ್ಟುವ ತರಗತಿಗಳು ಹುಟ್ಟಿಕೊಂಡವು. ಗಿರಾಕಿ ಕೇಳಿದ್ದನ್ನು ಅಂಗಡಿಯವನು ಮಾರುತ್ತಾನೆ.

ಹಾಗಾದರೆ ಮಾಡಬೇಕಾದದ್ದೇನು? ಮಗು ಹನ್ನೆರಡು ಹದಿಮೂರನೆಯ ವಯಸ್ಸಿನಲ್ಲಿದ್ದಾಗಲೇ ಆರಂಭಿಸಬೇಕು. ಪ್ರತಿವರ್ಷ ಬಾಖ್‌ನದು ಒಂದಾದರೂ, ಸೊನಾಟಾ ಒಂದಾದರೂ, ಬೇರೆ ಯುಗದ್ದು ಒಂದೆರಡಾದರೂ ಪರೀಕ್ಷೆಯ ಪಟ್ಟಿಯ ಹೊರಗೆ ಕಲಿಯಲಿ. ಭಾನುವಾರ ಹಳೆಯದಕ್ಕೆ ಮೀಸಲಾಗಿರಲಿ. ಆಡಿಶನ್ನಿಗೆ ಕೊಂಡೊಯ್ಯುವ ಕೃತಿಯನ್ನು ಒಂದು ವರ್ಷ ಮೊದಲೇ ಕಲಿತು, ಕೆಲವು ತಿಂಗಳು ಬದಿಗಿಟ್ಟು, ಮತ್ತೆ ಎತ್ತಿಕೊಳ್ಳಲಿ. ಎರಡನೆಯ ಸಲ ಕೈಗೆ ಬಂದದ್ದು ಗಾಬರಿಯಲ್ಲೂ ಕೈಬಿಡುವುದಿಲ್ಲ. ಆರಿಸುವಾಗ ಕಷ್ಟದ್ದನ್ನಲ್ಲ, ಚೆನ್ನಾಗಿ ಬರುವುದನ್ನು ಆರಿಸಬೇಕು. ನಾದ, ಲಯ, ಹಿಡಿತಗಳನ್ನು ತಿಳಿಯಲು ಪರೀಕ್ಷಕರಿಗೆ ಹೈಡನ್‌ನ ಒಂದು ಪುಟ ಸಾಕು. ಅರ್ಧಂಬರ್ಧ ಬಲಾಡು ನಮ್ಮ ದುರಾಶೆಯನ್ನಷ್ಟೇ ತಿಳಿಸುತ್ತದೆ.

ಇಷ್ಟು ಹೇಳಿದಾಗ ನಮ್ಮ ಸಂಘದ ಹಿರಿಯರೊಬ್ಬರು ಕೇಳಿದರು: “ಪಿಯಾನೋ ನಮ್ಮದೇನ್ರೀ? ನಮ್ಮ ಮಕ್ಕಳಿಗೆ ಅದೇಕೆ?” ಪಿಟೀಲು ನಮ್ಮದಾಗಿತ್ತೆ? ಅದನ್ನು ನಮ್ಮದಾಗಿಸಿಕೊಂಡು ಚೌಡಯ್ಯನವರು ಏಳು ತಂತಿ ಕಟ್ಟಿದರು. ಮೈಸೂರಿನ ಜಯಚಾಮರಾಜ ಒಡೆಯರು 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅವರೇ ಪಿಯಾನೋ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಆದವರು, 1945ರಲ್ಲಿ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಆದವರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಣವಾಗಲು 1940ರ ದಶಕದಲ್ಲಿ ಹಣ ಕೊಟ್ಟವರು ಅವರು. ಆತ ತನ್ನ ಮೂರನೆಯ ಪಿಯಾನೋ ಕಾನ್ಚರ್ಟೋವನ್ನು ಮೈಸೂರಿನ ಈ ಅರಸರಿಗೇ ಅರ್ಪಿಸಿದ. ರಾಜರ ಮಾತು ಬಿಡಿ ಎನ್ನುತ್ತೀರಾ? ಬಿಡೋಣ. ಈ ಊರಲ್ಲಿ ನಮ್ಮ ಮಂಗಳೂರಿನ ಕ್ರೈಸ್ತ ಬಾಂಧವರ ಎಷ್ಟೋ ಮನೆಗಳಲ್ಲಿ ಪಿಯಾನೋ ಊಟದ ಮೇಜಿನಷ್ಟೇ ಸಹಜ. ಯಾರದ್ದು ಎಂಬ ಪ್ರಶ್ನೆಗಿಂತ ಯಾರು ಕೂತು ಕೇಳುತ್ತಾರೆ ಎಂಬ ಪ್ರಶ್ನೆ ದೊಡ್ಡದು.

ಸಂಘದ ಮೇಲೆ ನಮ್ಮ ಆಕ್ಷೇಪವೂ ಅಲ್ಲಿಯೇ ಇದೆ. ವರ್ಷವರ್ಷವೂ ಪ್ರತಿಭಾ ಪುರಸ್ಕಾರ ನಡೆಸುತ್ತೇವೆ. ಅಂಕಪಟ್ಟಿಯ ನಕಲು ಕೇಳುತ್ತೇವೆ, ಶಾಲು ಹೊದಿಸುತ್ತೇವೆ, ಫೋಟೋ ತೆಗೆಯುತ್ತೇವೆ. ಸಂಗೀತದಲ್ಲಿ ಡಿಸ್ಟಿಂಕ್ಷನ್ ಪಡೆದ ಮಗುವನ್ನು ವೇದಿಕೆಗೆ ಕರೆದು, ಒಂದು ಸ್ವರವನ್ನೂ ಕೇಳದೆ ಕೆಳಗಿಳಿಸುತ್ತೇವೆ! ನಮ್ಮ ಮಗಳನ್ನೂ ಎರಡು ಸಲ ಹಾಗೆ ಇಳಿಸಿದಿರಿ. ನಾವೂ ಚಪ್ಪಾಳೆ ತಟ್ಟಿದೆವು. ಮನೆಯವರ ಹೊರತು ಯಾರ ಎದುರಿಗೂ ನುಡಿಸದ ಮಗುವಿನ ಕೈ ಪರೀಕ್ಷಕರ ಎದುರು ನಡುಗದೆ ಇನ್ನೇನಾದೀತು?

ಅದಕ್ಕೆ ಎರಡು ಸೂಚನೆಗಳನ್ನು ಮಂಡಿಸುತ್ತಿದ್ದೇವೆ. ಮೊದಲನೆಯದು, ಪ್ರತಿ ತಿಂಗಳ ಕಾರ್ಯಕ್ರಮದಲ್ಲಿ ಭಾಷಣಗಳ ಸಮಯದಿಂದ 15 ನಿಮಿಷ ಕಡಿದು, ಯಾವುದೇ ವಾದ್ಯ ಅಥವಾ ಗಾಯನಕ್ಕೆ ಸಿದ್ಧವಾಗುತ್ತಿರುವ ಒಂದು ಮಗುವಿಗೆ ಕೊಡಬೇಕು. ಬಹುಮಾನ ಬೇಡ, ಸರ್ಟಿಫಿಕೇಟು ಮೊದಲೇ ಬೇಡ; ಸಭಿಕರು ಮಾತಾಡದೆ ಕೇಳಿದರೆ ಸಾಕು. ಎರಡನೆಯದು, ಸಭಾಗೃಹಕ್ಕೆ ಹಳೆಯದಾದರೂ ಸರಿ, ಒಂದು ನಿಜವಾದ ಪಿಯಾನೋ ಬೇಕು. ನಮ್ಮ ಕಡಲ ಹವೆಯಲ್ಲಿ ಅದರ ಮರ ತೇವ ಹೀರಿ ಉಬ್ಬುತ್ತದೆ, ಮಳೆಗಾಲದಲ್ಲಿ ಶ್ರುತಿ ಕೆಡುತ್ತದೆ. ವರ್ಷಕ್ಕೆ ಎರಡು ಸಲ ಶ್ರುತಿ ಮಾಡಿಸುವ ಖರ್ಚಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮೊದಲ ವರ್ಷದ ಆ ಖರ್ಚು ನಮ್ಮದು.

ಮಗಳು ಈಗ ವಾದ್ಯದ ಮುಂದೆ ಮತ್ತೆ ಕೂತಿದ್ದಾಳೆ. ಹಾರ್ಬರ್ ಲೈನಿನ ಒಂದು ಚರ್ಚಿನವರು ದೊಡ್ಡ ಮನಸ್ಸಿನಿಂದ ತಮ್ಮ ಸಭಾಗೃಹದ ಪಿಯಾನೋವನ್ನು ಬೆಳಿಗ್ಗೆ ಎರಡು ಗಂಟೆ ಬಿಟ್ಟುಕೊಟ್ಟಿದ್ದಾರೆ. ಬಲಾಡನ್ನು ಬಿಟ್ಟಿದ್ದೇವೆ, ಹೈಡನ್ ಬಂದಿದ್ದಾನೆ. ಅಟ್ಟದಿಂದ ಹಳೆಯ ಪುಸ್ತಕಗಳನ್ನೂ ಇಳಿಸಿದ್ದೇವೆ. ಕೈಯಲ್ಲಿ ಈಗ ಹನ್ನೊಂದು ಕೃತಿಗಳಿವೆ. ಕಳೆದ ವರ್ಷ ಮೂರಿದ್ದವು. ಡಿಸೆಂಬರಿನಲ್ಲಿ ಏನಾಗುವುದೋ ತಿಳಿಯದು. ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ ಎರಡು ಸೂಚನೆಗಳು ಚರ್ಚೆಗೆ ಬರಲಿವೆ. ವಿರೋಧಿಸುವವರು ಅವಶ್ಯ ಬಂದು ವಿರೋಧಿಸಲಿ. ಅದಕ್ಕೆ ಮೊದಲು ಹದಿನೈದು ನಿಮಿಷ ಕೂತು ಆ ಹುಡುಗಿ ನುಡಿಸುವುದನ್ನು ಕೇಳಲಿ.