ಖಡಕಿಯ ಕಾಡತೂಸಿನ ಕಾರಖಾನೆಯೂ ಹೊಣೆಗಾರಿಕೆಯೂ

ಪುಣೆಯ ಮಗ್ಗುಲಿನ ಖಡಕಿಯಲ್ಲಿ 1869ನೆಯ ಇಸವಿಯಲ್ಲಿ ಸ್ಥಾಪಿತವಾದ ಮದ್ದುಗುಂಡಿನ ಕಾರಖಾನೆಯು ಒಂದೂವರೆ ಶತಮಾನ ಕಾಲ ಸರಕಾರದ ಇಲಾಖೆಯ ಅಂಗವಾಗಿದ್ದು, 2021ನೆಯ ಇಸವಿ ಅಕ್ಟೋಬರ 1ರಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರಕಾರಿ ಕಂಪನಿಯ ಆಡಳಿತಕ್ಕೆ ಬಂದಿದೆ. ದೇಶದ 41 ಆಯುಧ ಕಾರಖಾನೆಗಳನ್ನು ಏಳು ಕಂಪನಿಗಳಿಗೆ ಹಂಚಿಕೊಟ್ಟಾಗ ಮದ್ದುಗುಂಡು ಮತ್ತು ಸ್ಫೋಟಕಗಳ 12 ಕಾರಖಾನೆಗಳು ಈ ಕಂಪನಿಯ ಪಾಲಿಗೆ ಬಂದವು. 2024-25ರಲ್ಲಿ ಅದರ ಮಾರಾಟವು 8,282 ಕೋಟಿ ರೂಪಾಯಿಗಳನ್ನೂ ರಫ್ತು 3,081 ಕೋಟಿ ರೂಪಾಯಿಗಳನ್ನೂ ಮುಟ್ಟಿತೆಂದು ರಕ್ಷಣಾ ಖಾತೆಯು ಪ್ರಕಟಿಸಿರುತ್ತದೆ. ಒಂದು ಕಾಲಕ್ಕೆ ತೋಪಿನ ಗುಂಡಿಗಾಗಿ ಪರದೇಶಗಳ ಬಾಗಿಲು ಬಡಿದ ರಾಷ್ಟ್ರವು ಇಂದು ಪರರಿಗೆ ಗುಂಡು ಮಾರುತ್ತಿರುವುದನ್ನು ಕಂಡು ಸಂತೋಷಪಡದವರು ವಿರಳ. ನಾವೂ ಸಂತೋಷಪಡುತ್ತೇವೆ. ಆದರೂ ಮಾರಾಟದ ಲೆಕ್ಕದಿಂದಲೇ ತೃಪ್ತರಾಗತಕ್ಕ ಸರಕು ಇದಲ್ಲ. ಅಕ್ಕಿ ಕೆಟ್ಟಿದ್ದರೆ ಅಂಗಡಿಯಲ್ಲಿಯೇ ಗೊತ್ತಾಗುತ್ತದೆ. ಕಾಡತೂಸು ಕೆಟ್ಟಿದ್ದರೆ ಸಿಪಾಯಿಯ ಕೈಯಲ್ಲಿ ಗೊತ್ತಾಗುತ್ತದೆ. ಆಗ ಉತ್ತರ ಕೊಡತಕ್ಕವರು ಯಾರು ಎಂಬುದನ್ನು ಈ ಹೊಸ ವ್ಯವಸ್ಥೆಯು ಇನ್ನೂ ನಿಶ್ಚಯಿಸಿ ಹೇಳಿಲ್ಲ.

ಈ ಪ್ರಶ್ನೆಯು ನಮ್ಮ ದೇಶದಲ್ಲಿ ಹಳೆಯದು, ರಕ್ತದಲ್ಲಿ ಬರೆದದ್ದು. 1857ರ ಜನವರಿಯಲ್ಲಿ ಕಲಕತ್ತೆಯ ಬಳಿಯ ದಮ್‌ದಮ್‌ನಲ್ಲಿ ಹೊಸ ಎನ್‌ಫೀಲ್ಡ್ ಬಂದೂಕಿನ ಕಾಡತೂಸಿಗೆ ದನದ ಮತ್ತು ಹಂದಿಯ ಕೊಬ್ಬನ್ನು ಸವರಿದ್ದಾರೆಂಬ ಸುದ್ದಿ ಹಬ್ಬಿತು. ಆ ಕಾಗದದ ಕಾಡತೂಸನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿತ್ತು. ಗುತ್ತಿಗೆದಾರನು ಯಾವ ಪ್ರಾಣಿಯ ಕೊಬ್ಬನ್ನು ಒದಗಿಸುತ್ತಾನೆಂಬುದನ್ನು ಕಂಪನಿ ಸರಕಾರದ ಆಯುಧಾಗಾರದ ಅಧಿಕಾರಿಗಳು ವಿಚಾರಿಸಿಯೇ ಇರಲಿಲ್ಲ. ಆದುದರಿಂದ ಸಿಪಾಯಿಗಳು ಕೇಳಿದಾಗ ಧೈರ್ಯದಿಂದ ಇಲ್ಲವೆನ್ನುವುದು ಅವರಿಂದ ಆಗಲಿಲ್ಲ. ಮೀರತಿನಲ್ಲಿ 85 ಮಂದಿ ಸವಾರರು ಕಾಡತೂಸನ್ನು ಮುಟ್ಟಲೊಲ್ಲದೆ ಬೇಡಿ ತೊಟ್ಟರು. ಮಾರನೆಯ ದಿನ, ಮೇ 10ರಂದು, ದಂಗೆಯೆದ್ದಿತು. ಸ್ವಾತಂತ್ರ್ಯ ಸಮರಕ್ಕೆ ಕಾರಣಗಳು ನೂರಾರು ಇದ್ದವು. ಕಿಡಿ ಮಾತ್ರ ಒಂದು ಕಾರಖಾನೆಯ ಅಲಕ್ಷ್ಯದಿಂದ ಹಾರಿತು.

ಆಮೇಲೆ ಆಂಗ್ಲರು ಕಲಿತ ಪಾಠವು ಸಿಪಾಯಿಯನ್ನು ನಂಬುವುದಲ್ಲ, ಆಯುಧವನ್ನು ಬಿಗಿ ಹಿಡಿಯುವುದು. ಆಯುಧಗಳನ್ನು ಒಪ್ಪಿಸಲೊಪ್ಪದ ನಮ್ಮ ಹಲಗಲಿಯ ಬೇಡರ ಗತಿ ಏನಾಯಿತೆಂಬುದನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ. ತೋಪಖಾನೆಯು ಬಹುಮಟ್ಟಿಗೆ ಗೋರರ ಕೈಯಲ್ಲಿಯೇ ಉಳಿಯಿತು. 1878ರ ಆಯುಧ ಶಾಸನವು ಭಾರತೀಯನಿಗೆ ಪರವಾನಗಿಯ ಹಗ್ಗ ಬಿಗಿದು ಯುರೋಪಿಯನರನ್ನು ಬಿಟ್ಟುಕೊಟ್ಟಿತು. ಈ ನಡುವೆ ಹುಟ್ಟಿದ್ದು ಖಡಕಿಯ ಕಾರಖಾನೆ. 1817ರ ನವೆಂಬರ 5ರಂದು ಪೇಶವೆಯ ದಂಡು ಸೋತ ಬಯಲಿನ ಊರದು. ಬೋರ ಘಾಟಿನ ರೈಲುದಾರಿಯು 1863ರಲ್ಲಿ ತೆರೆದು, ಮುಂಬಯಿಯ ಬಂದರವು ಅದಕ್ಕೆ ಹತ್ತಿರವಾಗಿತ್ತು. ಅಷ್ಟರೊಳಗೆ ಹಲ್ಲಿನಿಂದ ಕಚ್ಚುವ ಕಾಗದದ ಕಾಡತೂಸಿನ ಕಾಲ ಮುಗಿದು ಲೋಹದ ಕಾಡತೂಸು ಬಳಕೆಗೆ ಬರುತ್ತಲಿತ್ತು. ದಮ್‌ದಮ್ ಹೆಸರು ಮತ್ತೊಮ್ಮೆ ಲೋಕಕ್ಕೆ ಕೇಳಿಸಿದ್ದು 1890ರ ದಶಕದಲ್ಲಿ. ಅಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬವನು ಮೈಗೆ ತಗುಲಿದೊಡನೆ ಅರಳಿ ಸೀಳುವ ಗುಂಡನ್ನು ಸಿದ್ಧಪಡಿಸಿದನು. 1899ರ ಹೇಗ್ ಪರಿಷತ್ತು ಅಂಥ ಗುಂಡನ್ನು ನಿಷೇಧಿಸಿತಾದರೂ ಬ್ರಿಟನ್ನು ಒಪ್ಪಿಕೊಂಡದ್ದು 1907ರಲ್ಲಿ. ಆ ಗುಂಡಿನ ಅಪಕೀರ್ತಿಯೆಲ್ಲ ಅದನ್ನು ಬೇಡದ ಒಂದು ಬಂಗಾಲಿ ಊರಿನ ಹೆಸರಿಗೆ ಇಂದಿಗೂ ಅಂಟಿಕೊಂಡಿರುವುದು ವಿಚಿತ್ರವಲ್ಲವೆ!

ಎರಡು ಮಹಾಯುದ್ಧಗಳು ಬಂದಾಗ ಮಾತ್ರ ಆಂಗ್ಲರಿಗೆ ಭಾರತದ ಕಾರಖಾನೆಗಳು ಬೇಕಾದವು. 1917ರಲ್ಲಿ ಸರ್ ಥಾಮಸ್ ಹಾಲೆಂಡರ ಅಧ್ಯಕ್ಷತೆಯಲ್ಲಿ ಮದ್ದುಗುಂಡಿನ ಮಂಡಲಿಯು ಏರ್ಪಟ್ಟಿತು. 1939ರಲ್ಲಿ ಚ್ಯಾಟ್‌ಫೀಲ್ಡ್ ಸಮಿತಿಯು ಕಾರಖಾನೆಗಳನ್ನು ಹೊಸದುಮಾಡಬೇಕೆಂದಿತು. 1947ರಲ್ಲಿ ಧ್ವಜ ಬದಲಾಯಿತು. ಖಡಕಿಯ ಕಾಡತೂಸಿನ ತಳದಲ್ಲಿ ಒತ್ತುವ ಕೆ.ಎಫ್. ಎಂಬ ಅಕ್ಷರಗಳು ಬದಲಾಗಲಿಲ್ಲ.

ಈ ಸರಕಿನ ಸ್ವರೂಪವನ್ನು ತುಸು ತಿಳಿಯದೆ ಮುಂದಿನ ವಾದವು ಸ್ಪಷ್ಟವಾಗದು. ನೂರರಲ್ಲಿ ಎಪ್ಪತ್ತು ಪಾಲು ತಾಮ್ರವೂ ಮೂವತ್ತು ಪಾಲು ಸತುವೂ ಕೂಡಿದ ಹಿತ್ತಾಳೆಯ ಬಟ್ಟಲನ್ನು ಅಚ್ಚಿನಲ್ಲಿ ಹಲವು ಸಲ ಎಳೆದು, ನಡುನಡುವೆ ಕಾಯಿಸಿ ಮೆತ್ತಗೆ ಮಾಡಿ, ಕೊಳವೆಯಾಗಿಸುತ್ತಾರೆ. ಅದರ ತಳಕ್ಕೆ ಪೆಟ್ಟು ಬಿದ್ದೊಡನೆ ಕಿಡಿಯಾಗುವ ಟೋಪಿ, ಒಳಗೆ ತೂಗಿದ ಮದ್ದು, ತುದಿಗೆ ಗುಂಡು. ಕಾಯಿಸುವುದು ಹೆಚ್ಚುಕಡಿಮೆಯಾದರೆ ಕೊಳವೆ ಸೀಳುತ್ತದೆ. ಮದ್ದಿನ ತೂಕ ತಪ್ಪಿದರೆ ಗುಂಡು ಗುರಿ ಮುಟ್ಟದು, ಇಲ್ಲವೆ ಬಂದೂಕೇ ಸಿಡಿದೀತು. ಒಂದು ಗುಂಪಿನಿಂದ ಕೆಲವನ್ನು ಹಾರಿಸಿ ನೋಡಿ ಉಳಿದ ಲಕ್ಷಾವಧಿಯನ್ನು ಒಪ್ಪಿಕೊಳ್ಳುವುದು ರೂಢಿ. ಎಲ್ಲವನ್ನೂ ಪರೀಕ್ಷಿಸಿದರೆ ಸೇನೆಗೆ ಕೊಡಲು ಏನೂ ಉಳಿಯದು! ಆದಕಾರಣ ಪರೀಕ್ಷಕನು ತಯಾರಕನ ದಾಕ್ಷಿಣ್ಯಕ್ಕೆ ಒಳಗಾಗದಿರುವುದೇ ಈ ಉದ್ಯಮದ ಜೀವಾಳ. ಆದರೆ ದಶಕಗಳ ಕಾಲ ಮಾಡುವವರು, ಪರೀಕ್ಷಿಸುವವರು ಇಬ್ಬರೂ ಒಂದೇ ಖಾತೆಯ ಒಂದೇ ಇಲಾಖೆಯ ಕೆಳಗಿದ್ದರು. ಕೊಳ್ಳುವ ಸೇನೆಗೆ ಬೇರೆ ಅಂಗಡಿಯೂ ಇರಲಿಲ್ಲ.

ಇದರ ಫಲವು ಕಾಣದೆ ಹೋಗಲಿಲ್ಲ. 1999ರ ಕಾರಗಿಲ ಯುದ್ಧದಲ್ಲಿ ನಮ್ಮ ತೋಪಖಾನೆಯು ಎರಡೂವರೆ ಲಕ್ಷದಷ್ಟು ಗುಂಡುಗಳನ್ನು ಹಾರಿಸಿತು. ಅವಸರವಸರವಾಗಿ ಹೊರದೇಶಗಳಿಂದ ತರಿಸಬೇಕಾಯಿತು. ಅದೇ ವರ್ಷ ಬಿಹಾರದ ನಾಲಂದಾದಲ್ಲಿ ಬೋಫೋರ್ಸ್ ತೋಪಿನ ಮದ್ದಿನ ಕಾರಖಾನೆಗೆ ಅಡಿಗಲ್ಲು ಬಿದ್ದಿತು. ತಂತ್ರಜ್ಞಾನ ಕೊಡಬೇಕಾಗಿದ್ದ ದಕ್ಷಿಣ ಆಫ್ರಿಕದ ಡೆನೆಲ್ ಕಂಪನಿಯೊಡನೆ 2005ರಲ್ಲಿ ಲಂಚದ ಆಪಾದನೆಯಿಂದ ವ್ಯವಹಾರ ನಿಂತಿತು. ಅದರ ಬದಲಿಗೆ ಬಂದ ಇಸ್ರೇಲಿನ ಕಂಪನಿಯೂ ಅದೇ ಹಾದಿ ಹಿಡಿದು ಕಪ್ಪುಪಟ್ಟಿ ಸೇರಿತು. ಕಾರಖಾನೆಯು ವರ್ಷಾನುಗಟ್ಟಲೆ ಕುಂಟಿತು. 2015ರಲ್ಲಿ ಮಹಾಲೇಖಪಾಲರು ಕೊಟ್ಟ ವರದಿಯು ಇನ್ನೂ ಕಟುವಾದುದು. 40 ದಿವಸಗಳ ಘೋರ ಯುದ್ಧಕ್ಕೆ ಸಾಲುವ ದಾಸ್ತಾನು ಇರಬೇಕಾದಲ್ಲಿ, 2013ರ ಮಾರ್ಚಿನಲ್ಲಿ 170 ಬಗೆಯ ಮದ್ದುಗುಂಡುಗಳಲ್ಲಿ 17 ಬಗೆಗಳು ಮಾತ್ರ ಆ ಮಟ್ಟದಲ್ಲಿದ್ದವು. 85 ಬಗೆಗಳು ಹತ್ತು ದಿವಸಕ್ಕೂ ಸಾಲುತ್ತಿರಲಿಲ್ಲ. 2017ರ ವರದಿಯಲ್ಲಿಯೂ 152 ಬಗೆಗಳಲ್ಲಿ 61 ಹತ್ತು ದಿವಸಕ್ಕಿಂತ ಕೆಳಗೇ ಇದ್ದವು.

ಹೀಗಿರಲು, ಇಲಾಖೆಯನ್ನು ಕಂಪನಿಯಾಗಿಸಬೇಕೆಂದು 2000ರಲ್ಲಿ ಟಿ.ಕೆ.ಎ. ನಾಯರ್ ಸಮಿತಿಯೂ ಬಳಿಕ ವಿಜಯ ಕೇಳಕರ ಸಮಿತಿಯೂ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಜಮಾ-ಖರ್ಚಿನ ಪಟ್ಟಿಯೇ ಇಲ್ಲದ ಕಾರಖಾನೆಯು ತನ್ನ ದೋಷವನ್ನು ತಾನೇ ಕಾಣಲಾರದು. ನಾವು ಈ ಬದಲಾವಣೆಯನ್ನು ವಿರೋಧಿಸುವವರಲ್ಲ. ನಮ್ಮ ಆಕ್ಷೇಪವು ಅರ್ಧಕ್ಕೇ ಬಿಟ್ಟ ಕೆಲಸದ ವಿಷಯದ್ದು. 2020ರಲ್ಲಿ ಭೂಸೇನೆಯ ಒಂದು ಆಂತರಿಕ ವರದಿಯು ಪತ್ರಿಕೆಗಳಲ್ಲಿ ಹೊರಬಿದ್ದು, 2014ರಿಂದೀಚೆಗೆ 960 ಕೋಟಿ ರೂಪಾಯಿಗಳ ಮದ್ದುಗುಂಡು ದೋಷದಿಂದ ನಷ್ಟವಾಯಿತೆಂದು ಆಪಾದಿಸಿತು. ಅಪಘಾತಗಳಲ್ಲಿ ತನ್ನ ಪಾಲು ಸ್ವಲ್ಪವೇ, ಉಳಿದುದಕ್ಕೆ ಬೇರೆ ಕಾರಣಗಳಿವೆ ಎಂದು ಕಾರಖಾನೆಗಳ ಮಂಡಲಿಯು ಮರುನುಡಿಯಿತು. ಇವರಲ್ಲಿ ಯಾರ ಮಾತು ದಿಟ? ತೀರ್ಪು ಕೊಡಬಲ್ಲ ಮೂರನೆಯವರು ಆಗ ಇರಲಿಲ್ಲ. ಮಂಡಲಿಯನ್ನು ವಿಸರ್ಜಿಸಿದ್ದರಿಂದ ವಾದಿಯ ಎದುರಿಗಿದ್ದ ಪ್ರತಿವಾದಿಯು ಮಾಯವಾದನೇ ಹೊರತು ನ್ಯಾಯಾಧೀಶನು ಬರಲಿಲ್ಲ.

ಕಾರ್ಮಿಕರ ವಿಷಯವಂತೂ ಇನ್ನೂ ಸೂಕ್ಷ್ಮ. ಎಪ್ಪತ್ತು ಸಾವಿರದಷ್ಟು ಜನರನ್ನು ಎರವಲು ಸೇವೆಯೆಂಬ ಹೆಸರಿನಲ್ಲಿ ಎರಡು ವರ್ಷಕ್ಕೆಂದು ಕಂಪನಿಗಳಿಗೆ ಒಪ್ಪಿಸಿ, ಆ ಗಡುವನ್ನು ಮತ್ತೆ ಮತ್ತೆ ಬೆಳೆಸುತ್ತ ಬಂದಿದ್ದಾರೆ. ಅವರು ಮುಷ್ಕರದ ನೋಟೀಸು ಕೊಟ್ಟಾಗ 2021ರಲ್ಲಿ ಹೊರಟ ಮಿತಾವಧಿಯ ಶಾಸನವು, ಮುಷ್ಕರ ಹೂಡಿದವನಿಗೆ ಒಂದು ವರ್ಷದವರೆಗೆ ಸೆರೆಮನೆ ಎಂದಿತು. ಸ್ಫೋಟಕದ ನಡುವೆ ದುಡಿಯುವವನು ಕೆಲಸ ನಿಲ್ಲಿಸಿದರೆ ರಾಷ್ಟ್ರಕ್ಕೆ ಅಪಾಯವೆಂಬ ಮಾತನ್ನು ಒಪ್ಪೋಣ. ಅವನು ಸುರಕ್ಷಿತವಾಗಿ ಮನೆಗೆ ಮರಳದಿದ್ದರೆ ಯಾರಿಗೆ ಶಿಕ್ಷೆ? 2025ರ ಜನವರಿ 24ರಂದು ಇದೇ ಕಂಪನಿಯ ಭಂಡಾರಾ ಕಾರಖಾನೆಯಲ್ಲಿ ಸ್ಫೋಟವಾಗಿ ಎಂಟು ಜನರು ಪ್ರಾಣ ಬಿಟ್ಟರು. ಪುಲಗಾಂವದ ಸೇನಾ ಕೋಠಿಯು 2016ರ ಮೇ 31ರಂದು ಹೊತ್ತಿ ಉರಿದಾಗ ಅಧಿಕಾರಿಗಳೂ ಸೇರಿ ಹದಿನೈದಕ್ಕೂ ಹೆಚ್ಚು ಜನರು ಮಡಿದರು.

ದಾಸ್ತಾನು ಎಷ್ಟು ದಿವಸಕ್ಕೆ ಸಾಕೆಂಬುದು ಗೋಪ್ಯವಾಗಿರಲಿ. ಶತ್ರುವಿಗೆ ನಾವೇ ಲೆಕ್ಕ ಒಪ್ಪಿಸಬೇಕೆಂದು ಯಾರೂ ಹೇಳರು. ಆದರೆ ಎಷ್ಟು ಗುಂಪುಗಳನ್ನು ಸೇನೆಯು ತಿರಸ್ಕರಿಸಿತು, ಯಾವ ಅಪಘಾತಕ್ಕೆ ಯಾವ ಕಾರಣ, ಯಾರ ಮೇಲೆ ಏನು ಕ್ರಮ ಎಂಬುದರಲ್ಲಿ ಗೋಪ್ಯವೇನಿದೆ? ಅದನ್ನು ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡತಕ್ಕದ್ದು. ಗುಣಪರೀಕ್ಷಕರನ್ನು ಉತ್ಪಾದನೆಯ ಇಲಾಖೆಯಿಂದ ಬಿಡಿಸಿ ಬೇರೆ ಅಧಿಕಾರದ ಕೆಳಗೆ ತರತಕ್ಕದ್ದು. ಸರಕಾರಿ ಕಂಪನಿಯಾದ್ದರಿಂದ ಮಹಾಲೇಖಪಾಲರ ದೃಷ್ಟಿಯು ಖಡಕಿಯ ಮೇಲೆ ಇನ್ನೂ ಬೀಳುತ್ತದೆ. 2024ರ ಫೆಬ್ರುವರಿಯಲ್ಲಿ ಕಾನಪುರದಲ್ಲಿ ಅದಾನಿ ಸಮೂಹದವರು ತೆರೆದ ಮದ್ದುಗುಂಡಿನ ಕಾರಖಾನೆಯ ಲೆಕ್ಕವನ್ನು ಅವರು ಹಾಗೆ ನೋಡುವಂತಿಲ್ಲ. ಅಲ್ಲಿಂದ ಸೇನೆಗೆ ಹೋಗುವ ಕಾಡತೂಸಿಗೂ ಇದೇ ಪರೀಕ್ಷೆ, ಇದೇ ಪ್ರಕಟಣೆ ಎಂದು ಖರೀದಿಯ ಕರಾರಿನಲ್ಲಿಯೇ ಬರೆಯಿಸಿಕೊಳ್ಳಲು ರಕ್ಷಣಾ ಖಾತೆಗೆ ಅಡ್ಡಿಯಿಲ್ಲ.